ರ‍್ಯಾಪ್ ಹಾಡಿನಲ್ಲಿ ಹದಿಹರೆಯದ ಪ್ರೀತಿ, ದುಡಿಯುವ ಮನೆಯ ಹುಡುಗರು: ಪದೇ ಪದೇ ಕೇಳುವ ಪ್ರಶ್ನೆಗಳು

ರ‍್ಯಾಪ್ ಕೇಳುವ ಹುಡುಗ ಹುಡುಗಿಯರು, ಅದನ್ನು ಕೇಳಿ ಗಾಬರಿಯಾಗುವ ಅಪ್ಪ ಅಮ್ಮ, ತರಗತಿಯಲ್ಲಿ ಇದರ ಬಗ್ಗೆ ಮಾತಾಡಬೇಕೆನ್ನುವ ಮೇಷ್ಟ್ರುಗಳು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇಲ್ಲಿರುವ ಉತ್ತರಗಳು ಮುಖ್ಯವಾಗಿ ಅಮೆರಿಕ, ಬ್ರಿಟನ್ ಮತ್ತು ಸ್ವಲ್ಪ ಫ್ರಾನ್ಸಿನ ಹಾಡುಗಳನ್ನು ಇಟ್ಟುಕೊಂಡು ಬರೆದವು.

ರ‍್ಯಾಪ್ ಹುಟ್ಟಿದ್ದೇ ಬಡವರ ಬೀದಿಯಲ್ಲಿ ಅಂತಾರೆ. ನಿಜಾನಾ?

ನಿಜ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ವಿಳಾಸದ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಒಂದು ಪಾರ್ಟಿ ನಡೆಯಿತು. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಅದನ್ನೇ ಲೆಕ್ಕ ಹಿಡಿಯುತ್ತಾರೆ. ರ‍್ಯಾಪ್ ಅದೇ ಹಿಪ್‌ಹಾಪ್‌ನ ಹಾಡಿನ ಭಾಗ. ರೆಕಾರ್ಡ್ ಹಾಕಿದ್ದು 18 ವರ್ಷದ ಡಿಜೆ ಕೂಲ್ ಹರ್ಕ್. ಎಲ್ಲರೂ ಅವರ ಹೆಸರು ಹೇಳುತ್ತಾರೆ. ಆದರೆ ಪಾರ್ಟಿ ಏರ್ಪಾಡು ಮಾಡಿದ್ದು ಅವರ ತಂಗಿ ಸಿಂಡಿ ಕ್ಯಾಂಪ್‌ಬೆಲ್. ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಲು ಆ ಹುಡುಗಿಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಅಂತ ಟಿಕೆಟ್ ಇಟ್ಟಳು.

ನಮ್ಮ ವಿಷಯಕ್ಕೆ ಬೇಕಾದದ್ದೆಲ್ಲ ಆ ಒಂದು ಸಂಜೆಯಲ್ಲೇ ಇದೆ. ಕೈಯಲ್ಲಿ ಕಾಸಿಲ್ಲ, ಆದರೂ ಶಾಲೆಗೆ ಚೆಂದವಾಗಿ ಹೋಗಬೇಕು. ಹುಡುಗಿಯರು ಬಂದರೆ ಹುಡುಗರು ತಾವಾಗಿ ಬರುತ್ತಾರೆ ಅನ್ನುವ ಲೆಕ್ಕಾಚಾರವೂ ಇದೆ. ಆಗಿನ ಬ್ರಾಂಕ್ಸ್ ಹೇಗಿತ್ತೆಂದರೆ, ಬಡಾವಣೆಗಳನ್ನು ಸೀಳಿಕೊಂಡು ಹೆದ್ದಾರಿ ಹೋಗಿತ್ತು, ಕಾರ್ಖಾನೆ ಕೆಲಸಗಳು ಕಡಿಮೆಯಾಗಿದ್ದವು, ಕಟ್ಟಡಗಳು ಒಂದರ ಹಿಂದೆ ಒಂದು ಸುಟ್ಟುಹೋಗುತ್ತಿದ್ದವು. 1975ರಲ್ಲಿ ನ್ಯೂಯಾರ್ಕ್ ನಗರಾಡಳಿತ ದಿವಾಳಿಯ ಅಂಚಿಗೆ ಬಂದು ನಿಂತಿತು. ಅಂಥ ಕಡೆ ಹದಿಹರೆಯದವರಿಗೆ ಹೋಗಲು ಜಾಗವೇ ಇರಲಿಲ್ಲ. ಹಾಗಾಗಿ ಅವರೇ ಜಾಗ ಮಾಡಿಕೊಂಡರು.

ಶುರುವಿನಿಂದಲೂ ಪ್ರೀತಿ ಪ್ರೇಮದ ಹಾಡುಗಳಿದ್ದವಾ?

ಅಷ್ಟಾಗಿ ಇರಲಿಲ್ಲ. ಮೊದಮೊದಲು ಕುಣಿತ, ಬಡಾಯಿ, ತಮಾಷೆ. ಆಮೇಲೆ 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ‘ದಿ ಮೆಸೇಜ್’ ಬಂದು, ಒಡೆದ ಗಾಜು, ಇಲಿ, ನಿರುದ್ಯೋಗ ಎಲ್ಲವೂ ಹಾಡಿಗೆ ಬಂದವು. ಪ್ರೀತಿ ಬಂದದ್ದು ಸ್ವಲ್ಪ ತಡವಾಗಿ. 1987ರಲ್ಲಿ 19 ವರ್ಷದ ಎಲ್ಎಲ್ ಕೂಲ್ ಜೆ ‘ಐ ನೀಡ್ ಲವ್’ ಹಾಡಿದರು. ಗಟ್ಟಿ ದನಿಯ ಹುಡುಗ ಮೆಲ್ಲಗೆ ಮಾತಾಡಿದ ಆ ಹಾಡು ಅಮೆರಿಕದ ಕಪ್ಪು ಜನರ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮರುವರ್ಷ ಸ್ಲಿಕ್ ರಿಕ್ ಅವರ ‘ಟೀನೇಜ್ ಲವ್’ ಬಂತು. ಹೆಸರಲ್ಲೇ ವಿಷಯ ಇದೆ. ಅದೇ 1988ರಲ್ಲಿ ಡಿಜೆ ಜ್ಯಾಜಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್ (ಈಗಿನ ನಟ ವಿಲ್ ಸ್ಮಿತ್) ಅಪ್ಪ ಅಮ್ಮನಿಗೆ ಏನೂ ಅರ್ಥವಾಗುವುದಿಲ್ಲ ಅಂತ ಒಂದು ಹಾಡು ಮಾಡಿದರು. ಮರುವರ್ಷ ರ‍್ಯಾಪ್‌ಗೆ ಮೊದಲ ಸಲ ಗ್ರ್ಯಾಮಿ ಕೊಟ್ಟಾಗ ಅದು ಹೋದದ್ದು ಆ ಹಾಡಿಗೆ. ಅಮ್ಮ ಕೊಡಿಸುವ ಹಳೇ ಫ್ಯಾಷನ್ ಬಟ್ಟೆ ಹಾಕಿಕೊಂಡು ಶಾಲೆಗೆ ಹೋಗುವ ಸಂಕಟವೇ ಅದರ ಮೊದಲ ಭಾಗ.

ಹುಡುಗಿಯರ ಬಗ್ಗೆ ಇಷ್ಟು ಕೆಟ್ಟದಾಗಿ ಯಾಕೆ ಮಾತಾಡುತ್ತಾರೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಒಂದು ವಿಷಯ ಗಮನಿಸಿ. ಹದಿಹರೆಯದ ಹುಡುಗನೊಬ್ಬ ರ‍್ಯಾಪ್‌ನಲ್ಲಿ ಹುಡುಗಿಯ ಬಗ್ಗೆ ಹೇಳುವಾಗ ಹೆಚ್ಚಿನ ಸಲ ಅವನು ಆ ಹುಡುಗಿಯ ಜೊತೆ ಮಾತಾಡುತ್ತಿರುವುದಿಲ್ಲ. ತನ್ನ ಗೆಳೆಯರ ಮುಂದೆ ಮಾತಾಡುತ್ತಿರುತ್ತಾನೆ. ರ‍್ಯಾಪ್ ಬೆಳೆದದ್ದೇ ಸುತ್ತ ನಿಂತ ಗುಂಪಿನ ಮುಂದೆ, ಒಬ್ಬರನ್ನೊಬ್ಬರು ಮಾತಲ್ಲಿ ಸೋಲಿಸುವ ಪೈಪೋಟಿಯಲ್ಲಿ. ಅಲ್ಲಿ ‘ನನಗೆ ಅವಳೆಂದರೆ ಇಷ್ಟ, ಭಯ ಆಗುತ್ತಿದೆ’ ಅಂದರೆ ಮುಗಿಯಿತು, ಇಡೀ ವಾರ ಕಿಚಾಯಿಸುತ್ತಾರೆ. ಹಾಗಾಗಿ ಹುಡುಗ ದೊಡ್ಡ ಮಾತಾಡುತ್ತಾನೆ. ಅವಳನ್ನು ಸಣ್ಣದು ಮಾಡಿದಷ್ಟೂ ತಾನು ದೊಡ್ಡವನಾದೆ ಅಂದುಕೊಳ್ಳುತ್ತಾನೆ.

ಒಳ್ಳೆಯ ರ‍್ಯಾಪರ್‌ಗಳು ಈ ನಾಟಕವನ್ನೇ ಹಾಡಿನ ವಸ್ತು ಮಾಡಿಕೊಂಡಿದ್ದಾರೆ. ಜೆ. ಕೋಲ್ ಅವರ 2014ರ ‘ವೆಟ್ ಡ್ರೀಮ್ಜ್’ ನೋಡಿ. ತರಗತಿಯಲ್ಲಿ ಚೀಟಿ ಕಳಿಸಿಕೊಳ್ಳುವ ಹುಡುಗ ಹುಡುಗಿ. ತನಗೆ ಎಲ್ಲ ಅನುಭವ ಇದೆ ಅಂತ ಹುಡುಗ ಕೊಚ್ಚಿಕೊಳ್ಳುತ್ತಾನೆ. ಒಳಗೆ ಪುಕುಪುಕು. ಕೊನೆಗೆ ಹುಡುಗಿಯೂ ಅದೇ ಸುಳ್ಳು ಹೇಳಿದ್ದಳು, ಇಬ್ಬರಿಗೂ ಇದು ಮೊದಲ ಸಲ ಅಂತ ಗೊತ್ತಾಗುತ್ತದೆ. ಕೆಂಡ್ರಿಕ್ ಲಾಮಾರ್ 2012ರ ಆಲ್ಬಮ್‌ನಲ್ಲಿ ಗೆಳೆಯರ ಒತ್ತಡದ ಮೇಲೇ ಒಂದು ಇಡೀ ಹಾಡು ಬರೆದರು. ಒಬ್ಬನೇ ಇದ್ದಾಗ ಕುಡಿಯದ, ಜಗಳಕ್ಕೆ ಹೋಗದ ಹುಡುಗ ಗುಂಪಿನ ಜೊತೆ ಕಾರು ಹತ್ತಿದ ಕೂಡಲೇ ಬೇರೆಯವನಾಗುತ್ತಾನೆ.

ಇದು ಕಾರಣ ಅಷ್ಟೇ, ಕ್ಷಮೆ ಅಲ್ಲ. ಎಷ್ಟೋ ಹಾಡುಗಳಲ್ಲಿ ನಾಟಕವೂ ಇಲ್ಲ, ಪ್ರಶ್ನೆಯೂ ಇಲ್ಲ, ಸುಮ್ನೆ ಹೆಣ್ಣುಮಕ್ಕಳನ್ನು ಬೈಯುವುದಷ್ಟೇ ಇದೆ. ಅದರ ಹಿಂದೆ ವ್ಯಾಪಾರವೂ ಇದೆ. 90ರ ದಶಕದಲ್ಲಿ ದೊಡ್ಡ ಕಂಪನಿಗಳಿಗೆ ರ‍್ಯಾಪ್‌ನಲ್ಲಿ ದುಡ್ಡು ಕಂಡಾಗ ಬೈಗುಳ, ಬಂದೂಕು ಇದ್ದ ಹಾಡಿಗೆ ಮಣೆ ಹಾಕಿದರು. ಮೆಲ್ಲಗೆ ಮಾತಾಡುವ ಹುಡುಗ ಮಾರಾಟದ ಸರಕಾಗಿ ಕಾಣಲಿಲ್ಲ.

ಹುಡುಗಿಯರು ತಿರುಗಿ ಉತ್ತರ ಕೊಡಲಿಲ್ವಾ?

ಕೊಟ್ಟರು. ನನಗೆ ಕೇಳಿದರೆ ರ‍್ಯಾಪ್‌ನ ಅತ್ಯಂತ ಜೀವಂತ ಭಾಗವೇ ಅದು.

1984ರಲ್ಲಿ ಯುಟಿಎಫ್ಒ ಅನ್ನುವ ಹುಡುಗರ ತಂಡ ರಾಕ್ಸಾನ್ ಅನ್ನುವ ಹುಡುಗಿಯ ಬಗ್ಗೆ ಹಾಡು ಮಾಡಿತು. ಒಬ್ಬೊಬ್ಬರಾಗಿ ಅವಳ ಹಿಂದೆ ಬೀಳುತ್ತಾರೆ, ಅವಳು ಯಾರಿಗೂ ಸೊಪ್ಪು ಹಾಕುವುದಿಲ್ಲ. ಅದಕ್ಕೇ ಇವರಿಗೆ ಸಿಟ್ಟು. ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಬೆಳೆದ 14 ವರ್ಷದ ಹುಡುಗಿಯೊಬ್ಬಳು ಅದೇ ವರ್ಷ ತಾನೇ ಆ ರಾಕ್ಸಾನ್ ಅಂತ ಹೇಳಿಕೊಂಡು ಆ ಹಾಡು ಹಾಡಿದ ಮೂವರನ್ನೂ ಒಬ್ಬೊಬ್ಬರಾಗಿ ಜಾಡಿಸಿದಳು. ರಾಕ್ಸಾನ್ ಶಾಂಟೆ ಅನ್ನುವ ಹೆಸರು ಆಕೆಗೆ ಅಲ್ಲಿಂದಲೇ ಉಳಿಯಿತು. ನಿರ್ಮಾಪಕ ಮಾರ್ಲಿ ಮಾರ್ಲ್ ಅವರ ಫ್ಲ್ಯಾಟಿನಲ್ಲಿ ಒಂದೇ ಏಟಿಗೆ ರೆಕಾರ್ಡ್ ಆದ ಹಾಡು ಅದು. ಆಮೇಲೆ ಅದಕ್ಕೆ ಉತ್ತರ, ಉತ್ತರಕ್ಕೆ ಉತ್ತರ ಅಂತ ಹತ್ತಾರು ಹಾಡು ಬಂದವು. ರಾಕ್ಸಾನಳ ಅಪ್ಪ ಅಮ್ಮನ ಹೆಸರಲ್ಲೂ ಹಾಡು ಬಂತು ಅಂದರೆ ಲೆಕ್ಕ ಹಾಕಿ!

1986ರಲ್ಲಿ ಎಂಸಿ ಲೈಟ್ ಹಾಡಿದ ‘ಐ ಕ್ರ್ಯಾಮ್ ಟು ಅಂಡರ್‌ಸ್ಟ್ಯಾಂಡ್ ಯು’ ಇನ್ನೂ ಒಂದು ಮೆಟ್ಟಿಲು ಮೇಲೆ. ಆಗ ಲೈಟ್‌ಗೆ ಇನ್ನೂ 20 ಆಗಿರಲಿಲ್ಲ. ಹುಡುಗಿಗೆ ಸ್ಯಾಮ್ ಎಂಬ ಹುಡುಗನ ಮೇಲೆ ಪ್ರೀತಿ. ಅವನ ದುಡ್ಡೆಲ್ಲ ಎಲ್ಲಿಗೆ ಹೋಗುತ್ತಿದೆ, ಬೇರೆ ಹುಡುಗಿ ಇದ್ದಾಳಾ ಅಂತ ಒದ್ದಾಡುತ್ತಾಳೆ. ಕೊನೆಗೆ ಗೊತ್ತಾಗುತ್ತದೆ, ಅವನ ಪ್ರೇಮ ಕ್ರ್ಯಾಕ್ ಅನ್ನುವ ಮಾದಕ ವಸ್ತುವಿನ ಜೊತೆ. ಆ ದಶಕದಲ್ಲಿ ಅಮೆರಿಕದ ಬಡ ಬಡಾವಣೆಗಳನ್ನು ಕ್ರ್ಯಾಕ್ ಹೇಗೆ ತಿಂದುಹಾಕಿತು ಅನ್ನುವುದನ್ನು ಭಾಷಣ ಮಾಡದೆ, ಹುಡುಗಿಯೊಬ್ಬಳ ಅನುಮಾನದ ಮೂಲಕ ಹೇಳಿದ ಹಾಡು.

ಸಾಲ್ಟ್ ಎನ್ ಪೆಪಾ 1991ರಲ್ಲಿ ಲೈಂಗಿಕತೆ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡೋಣ ಅಂತ ಹಾಡಿದರು. ಮುಂದೆ ಅದೇ ಹಾಡನ್ನು ಏಡ್ಸ್ ಜಾಗೃತಿಗೆ ಅಂತ ಬದಲಿಸಿ ಹಾಡಿದರು. ಕ್ವೀನ್ ಲತೀಫಾ 1993ರ ‘ಯೂನಿಟಿ’ಯಲ್ಲಿ ರಸ್ತೆಯಲ್ಲಿ ಮೈಮುಟ್ಟುವವನಿಗೂ ಮನೆಯಲ್ಲಿ ಕೈ ಎತ್ತುವವನಿಗೂ ಉತ್ತರ ಕೊಟ್ಟು, ಕೊನೆಯ ಭಾಗದಲ್ಲಿ ಗ್ಯಾಂಗಿನವರಂತೆ ನಡೆಯಲು ಹೋಗುವ ಹುಡುಗಿಗೆ ಬುದ್ಧಿ ಹೇಳಿದರು. ಲಾರಿನ್ ಹಿಲ್ 1998ರ ‘ಡೂ ವಾಪ್’ನಲ್ಲಿ ಮೊದಲು ಹುಡುಗಿಯರನ್ನು, ಆಮೇಲೆ ಹುಡುಗರನ್ನು ಸಮವಾಗಿ ತರಾಟೆಗೆ ತೆಗೆದುಕೊಂಡರು. ಅವರ ಆ ಆಲ್ಬಮ್‌ನ ಹಾಡುಗಳ ನಡುವೆ ಒಂದು ತರಗತಿ ಬರುತ್ತದೆ. ಪ್ರೀತಿ ಅಂದರೆ ಏನು ಅಂತ ಮೇಷ್ಟ್ರು ಕೇಳುತ್ತಾರೆ, ಮಕ್ಕಳು ತಮಗೆ ತೋಚಿದ್ದು ಹೇಳುತ್ತಾರೆ. ನನ್ನ ಮಟ್ಟಿಗೆ ಆ ತರಗತಿಯ ಮಾತು ಹಾಡುಗಳಷ್ಟೇ ಚೆನ್ನಾಗಿದೆ.

ಬ್ರಿಟನ್ನಿನ ರ‍್ಯಾಪ್ ಬೇರೆ ಥರ ಇದೆಯಾ?

ಇದೆ. ಅಮೆರಿಕದ ಹಾಡುಗಳಲ್ಲಿ ಸಿನಿಮಾದಂಥ ದೊಡ್ಡ ದೃಶ್ಯಗಳು ಜಾಸ್ತಿ. ಬ್ರಿಟನ್ನಿನ ಒಳ್ಳೆಯ ಹಾಡುಗಳಲ್ಲಿ ಸಣ್ಣಪುಟ್ಟ ರಗಳೆಗಳೇ ಜಾಸ್ತಿ.

‘ದಿ ಸ್ಟ್ರೀಟ್ಸ್’ ಹೆಸರಲ್ಲಿ ಹಾಡುವ, ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದ ಮೈಕ್ ಸ್ಕಿನ್ನರ್ 2004ರಲ್ಲಿ ಒಂದು ಆಲ್ಬಮ್ ತಂದರು. ಇಡೀ ಆಲ್ಬಮ್ ಒಂದೇ ಕತೆ. ಹುಡುಗನೊಬ್ಬ ಕೂಡಿಟ್ಟ 1,000 ಪೌಂಡ್ ಕಾಣೆಯಾಗುತ್ತದೆ. ಬಾಡಿಗೆ ಡಿವಿಡಿ ವಾಪಸ್ ಕೊಡಬೇಕು, ಎಟಿಎಂ ದುಡ್ಡಿಲ್ಲ ಅನ್ನುತ್ತದೆ, ಮನೆಗೆ ಫೋನ್ ಮಾಡೋಣ ಅಂದರೆ ಬ್ಯಾಟರಿ ಸಾಯುತ್ತದೆ. ಇದರ ನಡುವೆ ಸಿಮೋನ್ ಎಂಬ ಹುಡುಗಿ ಸಿಗುತ್ತಾಳೆ. ಇಬ್ಬರೂ ಎಲ್ಲಿಗೂ ಹೋಗುವುದಿಲ್ಲ, ಅವಳ ಮನೆಯ ಸೋಫಾದಲ್ಲಿ ಕೂತು ಟಿವಿ ನೋಡುತ್ತಾರೆ. ಗೆಳೆಯರ ಜೊತೆ ಪಬ್ಬಿಗೆ ಹೋಗುವುದಾ, ಇವಳ ಜೊತೆ ಇರುವುದಾ ಅನ್ನುವುದೇ ದೊಡ್ಡ ಪ್ರಶ್ನೆ. ಆಮೇಲೆ ಸಂಬಂಧ ಮುರಿಯುತ್ತದೆ. ಮುರಿದಾಗಿನ ಹಾಡು ‘ಡ್ರೈ ಯುವರ್ ಐಸ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರ ಪಲ್ಲವಿಯನ್ನು ಕೇಳಿ. ಅಳಬೇಡ ಅಂತ ಸಮಾಧಾನ ಮಾಡುವುದು ಒಬ್ಬ ಗೆಳೆಯನ ದನಿ. ಹುಡುಗಿಯರ ಬಗ್ಗೆ ಕೆಟ್ಟ ಮಾತಿನ ಉತ್ತರದಲ್ಲಿ ಹೇಳಿದ ಅದೇ ಗೆಳೆಯರ ಗುಂಪು. ಅಲ್ಲಿ ಕಿಚಾಯಿಸುತ್ತಿದ್ದವರು ಇಲ್ಲಿ ಹೆಗಲ ಮೇಲೆ ಕೈ ಇಡುತ್ತಾರೆ.

ಇನ್ನೊಂದು ತುದಿಯಲ್ಲಿ ಪೂರ್ವ ಲಂಡನ್ನಿನ ಡಿಜ್ಜಿ ರಾಸ್ಕಲ್. ‘ಐ ಲವ್ ಯು’ ಎಂಬ ಹಾಡನ್ನು ಅವರು ಮಾಡಿದ್ದು ಹದಿಹರೆಯದಲ್ಲೇ. ಹೆಸರು ಕೇಳಿ ಪ್ರೇಮಗೀತೆ ಅಂದುಕೊಳ್ಳಬೇಡಿ. ಬೀಟ್ ಕಬ್ಬಿಣಕ್ಕೆ ಸುತ್ತಿಗೆಯಲ್ಲಿ ಹೊಡೆದ ಹಾಗಿದೆ. ಹುಡುಗಿ ಬಸುರಿ ಅಂತ ಸುದ್ದಿ. ಅವಳಿಗೆ 15, ಕಾನೂನಿನ ಭಯ ಬೇರೆ. ಹುಡುಗ ಸಂಬಂಧವೇ ಇಲ್ಲ ಅನ್ನುವ ಹಾಗೆ ಬೈಯುತ್ತಾನೆ. ಆಗ ಹುಡುಗಿಯ ದನಿ ಬಂದು ಅವನ ಸಾಲುಗಳನ್ನೇ ತಿರುಗಿಸಿ ಅವನಿಗೇ ಹೊಡೆಯುತ್ತದೆ. ಯಾರ ಪರವಾಗಿಯೂ ಹಾಡು ತೀರ್ಪು ಕೊಡುವುದಿಲ್ಲ. ಇಬ್ಬರೂ ಮಕ್ಕಳು, ಇಬ್ಬರಿಗೂ ಹೆದರಿಕೆ, ಇಬ್ಬರ ಬಾಯಲ್ಲೂ ಬೈಗುಳ. ಈ ಹಾಡಿದ್ದ ಆಲ್ಬಮ್‌ಗೆ 2003ರಲ್ಲಿ ಮರ್ಕ್ಯುರಿ ಪ್ರಶಸ್ತಿ (ಬ್ರಿಟನ್ನಿನಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಕೊಡುವುದು) ಬಂದಾಗ ಅವರಿಗೆ 18 ವರ್ಷ.

ದುಡ್ಡಿಲ್ಲದಿರುವುದು ಪ್ರೀತಿಯ ಹಾಡಿನಲ್ಲಿ ಹೇಗೆ ಕಾಣಿಸುತ್ತದೆ?

ಜಾಗದಲ್ಲಿ ಕಾಣಿಸುತ್ತದೆ. ಈ ಹಾಡುಗಳಲ್ಲಿ ಪ್ರೇಮಿಗಳು ಎಲ್ಲಿ ಸೇರುತ್ತಾರೆ ಅಂತ ಸ್ವಲ್ಪ ನೋಡಿ. ಮೆಟ್ಟಿಲ ಕೆಳಗೆ, ಬಸ್ಸಿನ ಮೇಲಂತಸ್ತಿನಲ್ಲಿ, ಕಟ್ಟಡದ ಮುಂದಿನ ಕಟ್ಟೆಯ ಮೇಲೆ, ಯಾರದೋ ಮನೆಯ ಪಾರ್ಟಿಯಲ್ಲಿ. ಸ್ವಂತ ಕೋಣೆ ಅನ್ನುವುದು ಎಲ್ಲರಿಗೂ ಇರುವುದಿಲ್ಲ. ಮನೆ ಚಿಕ್ಕದು, ತಮ್ಮ ತಂಗಿಯರು ಪಕ್ಕದಲ್ಲೇ ಮಲಗಿರುತ್ತಾರೆ, ಗೋಡೆ ತೆಳು. ಬೀದಿಯಲ್ಲೇ ಭೇಟಿಯಾದರೆ ಎಲ್ಲರ ಕಣ್ಣೂ ಬೀಳುತ್ತದೆ. ಗೆಳೆಯರ ಮುಂದೆ ನಾಟಕ ಅಂತ ಹೇಳಿದೆನಲ್ಲ, ಅದಕ್ಕೆ ಇದೂ ಒಂದು ಕಾರಣ. ಯಾರೂ ನೋಡದ ಜಾಗವೇ ಇಲ್ಲ ಅಂದರೆ ನಾಟಕ ಬಿಡುವುದು ಯಾವಾಗ?

ಕೆಂಡ್ರಿಕ್ ಲಾಮಾರ್ ಅವರ 2012ರ ಆಲ್ಬಮ್ ಶುರುವಾಗುವುದೇ ಇಲ್ಲಿಂದ. ಕ್ಯಾಲಿಫೋರ್ನಿಯಾದ ಕಾಂಪ್ಟನ್. 17 ವರ್ಷದ ಹುಡುಗ ಅಮ್ಮನ ವ್ಯಾನ್ ತೆಗೆದುಕೊಂಡು ಶೆರೇನ್ ಎಂಬ ಹುಡುಗಿಯನ್ನು ನೋಡಲು ಹೋಗುತ್ತಾನೆ. ಅಲ್ಲಿ ಹೂಡಿ ಹಾಕಿದ ಇಬ್ಬರು ಕಾಯುತ್ತಿರುತ್ತಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. ವ್ಯಾನ್ ಎಲ್ಲಿ, ನನಗೆ ಕೆಲಸ ಇದೆ ಅಂತ ಅಮ್ಮ. ನನ್ನ ಡಾಮಿನೋಸ್ ಆಟದ ಕಾಯಿಗಳೆಲ್ಲಿ ಅಂತ ಅಪ್ಪ. ಹುಡುಗನ ಪ್ರೇಮ, ಗ್ಯಾಂಗಿನ ಗಡಿ, ಮನೆಗಿರುವ ಒಂದೇ ಗಾಡಿ, ಮೂರೂ ಒಂದೇ ದೃಶ್ಯದಲ್ಲಿ ಸಿಕ್ಕಿಹಾಕಿಕೊಂಡಿವೆ. ಬೇರೆ ಬೀದಿಯ ಹುಡುಗಿಯನ್ನು ಪ್ರೀತಿಸುವುದು ಅಲ್ಲಿ ಬರೀ ಮನಸ್ಸಿನ ವಿಷಯವಲ್ಲ. ಯಾವ ಬೀದಿಗೆ ಕಾಲಿಡಬಹುದು ಅನ್ನುವುದು ಜೀವದ ಪ್ರಶ್ನೆ.

ಶೂ, ಚಿನ್ನದ ಸರ, ಬ್ರ್ಯಾಂಡ್ ಬಟ್ಟೆ ಅಂತ ಇಷ್ಟೊಂದು ಯಾಕೆ?

ಇಲ್ಲದವರು ಇದೆ ಅಂತ ತೋರಿಸಿಕೊಳ್ಳುವುದು ಅಂತ ಒಂದು ಮಾತಲ್ಲಿ ಮುಗಿಸಬಹುದು. ಅದು ಅರ್ಧ ಸತ್ಯ. ಮನೆ, ಕಾರು, ಕಾಲೇಜು ಕೈಗೆ ಸಿಗದವರಿಗೆ ಶೂ ಸಿಗುತ್ತದೆ. ಅದನ್ನು ಚೊಕ್ಕವಾಗಿ ಇಟ್ಟುಕೊಳ್ಳುವುದೇ ಮರ್ಯಾದೆ. ರನ್ ಡಿಎಂಸಿ 1986ರಲ್ಲಿ ಅಡಿಡಾಸ್ ಶೂ ಮೇಲೆ ಹಾಡು ಮಾಡಿದರು. ಲೇಸ್ ಇಲ್ಲದೆ ಶೂ ಹಾಕುವುದು ಅವರ ಗುರುತು. ಜೈಲಿನಲ್ಲಿ ಲೇಸ್ ಕಿತ್ತುಕೊಳ್ಳುತ್ತಾರೆ, ಅಲ್ಲಿಂದ ಬೀದಿಗೆ ಬಂದ ಫ್ಯಾಷನ್ ಅದು. ನಾವು ಪುಂಡರಲ್ಲ, ಈ ಶೂ ಹಾಕಿಕೊಂಡು ಒಳ್ಳೆಯ ಕೆಲಸವನ್ನೇ ಮಾಡಿದ್ದೇವೆ ಅನ್ನುವುದು ಹಾಡಿನ ಧಾಟಿ. ಆಮೇಲೆ ಕಂಪನಿ ಅವರ ಜೊತೆ ಸುಮಾರು 10 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದಾಚೆಗೆ ಯಾವ ಹಾಡು ಹಾಡು, ಯಾವುದು ಜಾಹೀರಾತು ಅಂತ ಹೇಳುವುದು ಕಷ್ಟವಾಯಿತು.

ಬಸುರು, ಹಿಂಸೆ, ಇಂಥ ಭಾರದ ವಿಷಯಗಳನ್ನು ಹಾಡುಗಳು ಹೇಗೆ ಹೇಳುತ್ತವೆ?

ಟೂಪ್ಯಾಕ್ ಶಕೂರ್ ಅವರ 1991ರ ‘ಬ್ರೆಂಡಾಸ್ ಗಾಟ್ ಎ ಬೇಬಿ’ ಹೆಚ್ಚು ಜನಕ್ಕೆ ಗೊತ್ತು. ಪತ್ರಿಕೆಯಲ್ಲಿ ಓದಿದ ಸುದ್ದಿಯಿಂದ ಹುಟ್ಟಿದ ಹಾಡು. 12 ವರ್ಷದ ಹುಡುಗಿ, ಸಂಬಂಧಿಕನಿಂದಲೇ ಬಸುರಿ, ಮನೆಯಲ್ಲಿ ಯಾರೂ ಗಮನಿಸುವುದಿಲ್ಲ, ಕೊನೆ ಸಾವಿನಲ್ಲಿ. ಇದು ಅವಳೊಬ್ಬಳ ತೊಂದರೆ ಅಲ್ಲ, ಇಡೀ ಬಡಾವಣೆಯದು ಅನ್ನುವ ಮಾತು ಶುರುವಿನಲ್ಲೇ ಬರುತ್ತದೆ. ಒಂದು ತಕರಾರು ನನಗಿದೆ. ಬ್ರೆಂಡಾ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬ್ರೆಂಡಾಗೆ ಮಾತೇ ಇಲ್ಲ. ಎಂಸಿ ಲೈಟ್ ಹಾಡಿನ ಪಕ್ಕ ಇಟ್ಟು ಕೇಳಿದರೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ಹೊಸ ಕಾಲದಲ್ಲಿ ಲಂಡನ್ನಿನ ಡೇವ್ 2019ರಲ್ಲಿ ‘ಲೆಸ್ಲಿ’ ಅಂತ ಸುಮಾರು 11 ನಿಮಿಷದ ಹಾಡು ಮಾಡಿದರು. ರೈಲಿನಲ್ಲಿ ಪರಿಚಯವಾದ ಹೆಣ್ಣುಮಗಳು, ಅವಳನ್ನು ಹಿಂಸಿಸುವ ಗಂಡಸು. ಆಗ ಡೇವ್‌ಗೆ 20 ವರ್ಷ. ಆ ಆಲ್ಬಮ್‌ಗೂ ಮರ್ಕ್ಯುರಿ ಪ್ರಶಸ್ತಿ ಬಂತು. 11 ನಿಮಿಷ ಒಬ್ಬ ಹೆಂಗಸಿನ ಕತೆಯನ್ನು ತಾಳ್ಮೆಯಿಂದ ಹೇಳುವ ಹುಡುಗನನ್ನು 90ರ ದಶಕದ ಯಾವ ಕಂಪನಿಯೂ ಬೆನ್ನು ತಟ್ಟುತ್ತಿರಲಿಲ್ಲ ಅನ್ನಿಸುತ್ತದೆ.

ಫ್ರಾನ್ಸಿನಲ್ಲಿ ಹೇಗೆ?

ಅಲ್ಲಿ ನಗರದ ಹೊರಗಿನ ಎತ್ತರದ ವಸತಿ ಕಟ್ಟಡಗಳೇ ರ‍್ಯಾಪ್‌ನ ಮನೆ. ಪ್ಯಾರಿಸ್ ಪಕ್ಕದ ಸೀನ್ ಸೇಂಟ್ ಡೆನಿಯ ಎನ್‌ಟಿಎಂ, ಮಾರ್ಸೇಲ್‌ನ ಐಎಎಂ ತಂಡಗಳು ಪೊಲೀಸ್, ನಿರುದ್ಯೋಗ, ವಲಸೆಯ ಬಗ್ಗೆ ಹಾಡಿದವು. ಎಂಸಿ ಸೋಲಾರ್ 90ರ ದಶಕದ ಶುರುವಿನಲ್ಲೇ ‘ಕರೊಲಿನ್’ ಎಂಬ ಮೃದುವಾದ ವಿರಹದ ಹಾಡು ಕೊಟ್ಟರು. 1996ರಿಂದ ರೇಡಿಯೋಗಳು 40 ಶೇಕಡ ಫ್ರೆಂಚ್ ಹಾಡು ಹಾಕಲೇಬೇಕು ಅಂತ ನಿಯಮ ಬಂತು. ಭಾಷೆ ಉಳಿಸಲು ತಂದ ನಿಯಮ, ಲಾಭ ಆದದ್ದು ಈ ಕಟ್ಟಡಗಳ ಹುಡುಗರಿಗೆ. 2006ರಲ್ಲಿ ಫ್ರಾನ್ಸಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಡಿಯಾಮ್ಸ್ ಎಂಬ ರ‍್ಯಾಪರ್ ಹುಡುಗಿಯದು. ಅದರಲ್ಲೊಂದು ಹಾಡು ವರಾನ್ವೇಷಣೆ ಜಾಹೀರಾತಿನ ಧಾಟಿಯಲ್ಲಿ ತನಗೆ ಎಂಥ ಹುಡುಗ ಬೇಕು ಅಂತ ಪಟ್ಟಿ ಕೊಡುತ್ತದೆ. ಕೇಳಿ ನಗು ಬರುತ್ತದೆ.

ಹಾಡಿನಲ್ಲಿ ‘ನಾನು’ ಅಂದರೆ ಆ ರ‍್ಯಾಪರೇ ತಾನೇ?

ಯಾವಾಗಲೂ ಅಲ್ಲ. ಕತೆ ಬರೆಯುವವರು ಪಾತ್ರದ ಬಾಯಲ್ಲಿ ಮಾತಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ರ‍್ಯಾಪರ್ ಮಾತಾಡಿದರೆ ಮಾತ್ರ ತಪ್ಪೊಪ್ಪಿಗೆ ಅಂತ ಓದುತ್ತಾರೆ. ಅಮೆರಿಕದ ಕೋರ್ಟುಗಳಲ್ಲಿ ಹಾಡಿನ ಸಾಲುಗಳನ್ನು ಸಾಕ್ಷಿಯಾಗಿ ತಂದದ್ದಿದೆ. ಅದಕ್ಕೆ ಕಡಿವಾಣ ಹಾಕುವ ಕಾನೂನಿಗೆ ಕ್ಯಾಲಿಫೋರ್ನಿಯಾದಲ್ಲಿ 2022ರ ಸೆಪ್ಟೆಂಬರಿನಲ್ಲಿ ಸಹಿ ಬಿತ್ತು. ಹಾಗಂತ ಪಾತ್ರ ಅಂದ ಮಾತ್ರಕ್ಕೆ ಎಲ್ಲಕ್ಕೂ ಮಾಫಿ ಇಲ್ಲ. ಎಮಿನೆಮ್ 2000ರಲ್ಲಿ ಆಗಿನ ಹೆಂಡತಿಯ ನಿಜ ಹೆಸರಲ್ಲೇ ಅವಳನ್ನು ಕೊಲ್ಲುವ ಹಾಡು ಮಾಡಿದರು. ಪಾತ್ರ ಎಲ್ಲಿ ಮುಗಿಯಿತು ಅಂತ ಅಲ್ಲಿ ಕೇಳುವ ಹಕ್ಕು ಕೇಳುಗರಿಗಿದೆ.

ರ‍್ಯಾಪರ್‌ಗಳೆಲ್ಲ ಬಡ ಮನೆಯವರೇನಾ?

ಇಲ್ಲ. ರನ್ ಡಿಎಂಸಿ ಬೆಳೆದ ಹಾಲಿಸ್ ಸುಮಾರಾಗಿ ಅನುಕೂಲಸ್ಥರಿದ್ದ ಬಡಾವಣೆ. ಕೆನಡಾದ ಡ್ರೇಕ್ ಹದಿಹರೆಯದಲ್ಲೇ ಟಿವಿ ಧಾರಾವಾಹಿಯ ನಟ. ಕುಡಿದು ಹಳೇ ಗೆಳತಿಗೆ ಫೋನ್ ಮಾಡಿ ಗೋಳಾಡುವ ಹಾಡನ್ನು ಅವರು 2011ರಲ್ಲಿ ಹಾಡಿದಾಗ ನಕ್ಕವರು ತುಂಬಾ ಜನ. ಆಮೇಲೆ ಅರ್ಧ ಲೋಕ ಅದೇ ಧಾಟಿ ಹಿಡಿಯಿತು.

ಇದನ್ನೆಲ್ಲ ಕೇಳಿದರೆ ಮಕ್ಕಳು ಕೆಡುತ್ತಾರಾ?

ನೇರವಾಗಿ ಹೌದು, ಇಲ್ಲ ಅನ್ನಲು ಆಗುವುದಿಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಸಂಶೋಧಕರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 12ರಿಂದ 17 ವರ್ಷದವರನ್ನು ಕೆಲವು ಕಾಲ ಗಮನಿಸಿದ್ದರು. ಹೆಣ್ಣನ್ನು ವಸ್ತುವಿನಂತೆ ಕೀಳಾಗಿ ತೋರಿಸುವ ಹಾಡು ಹೆಚ್ಚು ಕೇಳಿದವರಲ್ಲಿ ಲೈಂಗಿಕ ಜೀವನ ಬೇಗ ಶುರುವಾಗುವುದು ಹೆಚ್ಚಿತ್ತು. ಕೀಳು ಮಾತಿಲ್ಲದೆ ಬರೀ ಲೈಂಗಿಕ ವಿಷಯ ಇದ್ದ ಹಾಡುಗಳಲ್ಲಿ ಆ ನಂಟು ಕಾಣಲಿಲ್ಲ. ಅಧ್ಯಯನದಲ್ಲಿ ರ‍್ಯಾಪ್ ಒಂದೇ ಇರಲಿಲ್ಲ, ಬೇರೆ ಬಗೆಯ ಹಾಡುಗಳೂ ಇದ್ದವು. ಹಾಡಿನಿಂದ ಹಾಗಾಯಿತಾ, ಅಥವಾ ಅಂಥ ಮಕ್ಕಳೇ ಅಂಥ ಹಾಡು ಹುಡುಕಿಕೊಂಡು ಹೋದರಾ ಅನ್ನುವುದು ಬೇರೆ ಮಾತು. ಆದರೂ ಯಾವ ವಿಷಯ ಅನ್ನುವುದಕ್ಕಿಂತ ಹೇಗೆ ಹೇಳುತ್ತಾರೆ ಅನ್ನುವುದರ ಕಡೆ ಇದು ಬೆರಳು ತೋರಿಸುತ್ತದೆ.

ಇನ್ನೊಂದು ಪ್ರಯೋಗ ಇನ್ನೂ ಮಜವಾಗಿದೆ. 1996ರಲ್ಲಿ ಕ್ಯಾರಿ ಫ್ರೈಡ್ ಎಂಬ ಮನಃಶಾಸ್ತ್ರಜ್ಞೆ 1960ರ ಒಂದು ಜಾನಪದ ಶೈಲಿಯ ಹಾಡಿನ ಸಾಲುಗಳನ್ನು ಜನರಿಗೆ ಓದಲು ಕೊಟ್ಟರು. ಪೊಲೀಸನನ್ನು ಕೊಂದವನ ಹಾಡು. ಕೆಲವರಿಗೆ ಇದು ರ‍್ಯಾಪ್ ಅಂದರು, ಇನ್ನು ಕೆಲವರಿಗೆ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಾಡು ಅಂದರು. ಸಾಲುಗಳು ಒಂದೇ. ರ‍್ಯಾಪ್ ಅಂದಾಗ ಮಾತ್ರ ಇದು ಅಪಾಯ, ಇದಕ್ಕೆ ತಡೆ ಬೇಕು ಅಂದವರು ಜಾಸ್ತಿ. ಮನೆಯಲ್ಲಿ ಮಕ್ಕಳಿಗೆ ಬೈಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಅಲ್ವಾ?

ಸರ್ಕಾರ, ಪೊಲೀಸರು ಈ ಹಾಡುಗಳಿಗೆ ಯಾಕೆ ಹೆದರುತ್ತಾರೆ?

ಲಂಡನ್ ಪೊಲೀಸರು 2005ರಲ್ಲಿ ಫಾರ್ಮ್ 696 ಅಂತ ಒಂದು ಅರ್ಜಿ ತಂದರು. ಸಂಗೀತ ಕಾರ್ಯಕ್ರಮ ಮಾಡುವವರು ಅದನ್ನು ತುಂಬಬೇಕಿತ್ತು. ಯಾವ ಬಗೆಯ ಸಂಗೀತ, ಬರುವವರು ಯಾವ ಜನಾಂಗದವರು ಅಂತಲೂ ಮೊದಲು ಕೇಳುತ್ತಿದ್ದರು. ಗ್ರೈಮ್, ಅಂದರೆ ಡಿಜ್ಜಿ ರಾಸ್ಕಲ್ ಥರದವರ ಲಂಡನ್ ರ‍್ಯಾಪ್, ಅದರ ಕಾರ್ಯಕ್ರಮಗಳಿಗೆ ಇದರಿಂದ ಪೆಟ್ಟು ಬಿತ್ತು. 2017ರಲ್ಲಿ ಅದನ್ನು ಕೈಬಿಟ್ಟರು. ಆಮೇಲೆ ಡ್ರಿಲ್ ಎಂಬ ಇನ್ನೊಂದು ಬಗೆಯ ಬೀದಿ ರ‍್ಯಾಪ್‌ನ ಸರದಿ. 2018ರಲ್ಲಿ ಪೊಲೀಸರ ಕೋರಿಕೆ ಮೇಲೆ ಯೂಟ್ಯೂಬ್ ಹಲವು ಡ್ರಿಲ್ ವಿಡಿಯೋಗಳನ್ನು ತೆಗೆಯಿತು. 2019ರ ಜನವರಿಯಲ್ಲಿ ಸ್ಕೆಂಗ್ಡೋ ಮತ್ತು ಎಎಂ ಎಂಬ ಇಬ್ಬರಿಗೆ, ಕೋರ್ಟಿನ ತಡೆ ಮೀರಿ ಒಂದು ಹಾಡು ಹಾಡಿದ್ದಕ್ಕೆ, 9 ತಿಂಗಳ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ಆಯಿತು. ಕೆಲವು ಡ್ರಿಲ್ ಹಾಡುಗಳಲ್ಲಿ ನಿಜವಾದ ಜಗಳಗಳ ಬೆದರಿಕೆ ಇರುವುದು ಸುಳ್ಳಲ್ಲ. ಹಾಡು ನಿಂತರೆ ಚಾಕು ನಿಲ್ಲುತ್ತದೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

2010ರ ಡಿಸೆಂಬರಿನದನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಕಡಿಮೆ ಆದಾಯದ ಮನೆಯ 16 ದಾಟಿದ ಮಕ್ಕಳು ಓದು ಮುಂದುವರಿಸಲಿ ಅಂತ ವಾರಕ್ಕೆ 30 ಪೌಂಡ್‌ವರೆಗೆ ಭತ್ಯೆ ಕೊಡುತ್ತಿದ್ದರು. ಸರ್ಕಾರ ಅದನ್ನು ನಿಲ್ಲಿಸಲು ಹೊರಟಿತು, ಕಾಲೇಜು ಶುಲ್ಕವನ್ನೂ ಏರಿಸಿತು. ಪಾರ್ಲಿಮೆಂಟಿನ ಎದುರು ಪ್ರತಿಭಟನೆಗೆ ಬಂದ ಹುಡುಗ ಹುಡುಗಿಯರು ಹಾಕಿದ್ದು ಹಳೆಯ ಘೋಷಣೆ ಗೀತೆಗಳನ್ನಲ್ಲ, ಲೆಥಲ್ ಬಿಜಲ್ ಅವರ ‘ಪೌ’. ಜಗಳ ಎಬ್ಬಿಸುತ್ತದೆ ಅಂತ ಕ್ಲಬ್ಬುಗಳು ಹಿಂದೆ ನಿಷೇಧಿಸಿದ್ದ ಹಾಡು. ಅದರಲ್ಲಿ ರಾಜಕೀಯದ ಒಂದು ಮಾತೂ ಇಲ್ಲ.

ಬೈಗುಳ ಕಡಿಮೆ ಇರುವ ಹಾಡು ಸಿಗುತ್ತಾ? ಎಲ್ಲಿಂದ ಶುರು ಮಾಡಲಿ?

ಸಿಗುತ್ತವೆ. ಅಮೆರಿಕದ ರೆಕಾರ್ಡ್ ಕಂಪನಿಗಳು 1985ರಲ್ಲಿ ಒಪ್ಪಿಕೊಂಡ, ಬೈಗುಳದಂಥದ್ದು ಇದೆ ಅಂತ ಹೇಳುವ ಎಚ್ಚರಿಕೆ ಚೀಟಿ ಈಗ ಹಾಡಿನ ಆ್ಯಪ್‌ಗಳಲ್ಲಿ ಸಣ್ಣ ಗುರುತಾಗಿ ಉಳಿದಿದೆ. ಅದೇ ಹಾಡಿನ ಬೈಗುಳ ತೆಗೆದ ರೂಪವೂ ಎಷ್ಟೋ ಸಲ ಪಕ್ಕದಲ್ಲೇ ಇರುತ್ತದೆ. ಆದರೆ ಡಿಜ್ಜಿ ರಾಸ್ಕಲ್ ಹಾಡಿನಂಥದ್ದರಲ್ಲಿ ಬೈಗುಳ ತೆಗೆದರೆ ಜಗಳವೇ ಹೋಗುತ್ತದೆ, ಅದನ್ನು ಪೂರ್ತಿಯಾಗಿಯೇ ಕೇಳಿ.

ಒಂದೊಂದನ್ನೇ ಕೇಳಬೇಡಿ, ಜೋಡಿಯಾಗಿ ಕೇಳಿ. ಮೊದಲು ಯುಟಿಎಫ್ಒ, ಆಮೇಲೆ ರಾಕ್ಸಾನ್ ಶಾಂಟೆ. ‘ಐ ನೀಡ್ ಲವ್’ ಆದಮೇಲೆ ಎಂಸಿ ಲೈಟ್. ಮಕ್ಕಳ ಜೊತೆ ಕೇಳುವುದಾದರೆ ಲಾರಿನ್ ಹಿಲ್ ಆಲ್ಬಮ್ ಹಾಕಿ, ತರಗತಿಯ ಭಾಗ ಬಂದಾಗ ನಿಲ್ಲಿಸಿ, ಮೇಷ್ಟ್ರು ಕೇಳುವ ಪ್ರಶ್ನೆಯನ್ನೇ ಮಕ್ಕಳಿಗೆ ಕೇಳಿ ನೋಡಿ. ಸ್ಟ್ರೀಟ್ಸ್ ಆಲ್ಬಮ್ ಮಾತ್ರ ಹಾಡು ಹಾರಿಸದೆ ಮೊದಲಿಂದ ಕೊನೆಯವರೆಗೆ ಕೇಳಬೇಕು. ಕೊನೆಯ ಹಾಡಿನಲ್ಲಿ ಕತೆಗೆ ಎರಡು ಮುಕ್ತಾಯಗಳಿವೆ. ಕಳೆದುಹೋದ 1,000 ಪೌಂಡ್ ಎಲ್ಲಿತ್ತು ಅನ್ನುವುದು ಎರಡನೆಯದರಲ್ಲಿ ಗೊತ್ತಾಗುತ್ತದೆ.